ಹಪ್ಪಳದ ಡಬ್ಬಿಯಲ್ಲಿ ಹಾರ್ಡ್ ಡಿಸ್ಕ್

ಶಿವಮೊಗ್ಗದ ದುರ್ಗಿಗುಡಿಯ ಅಂಗಡಿಯೊಂದರಲ್ಲಿ ಕೊಂಡ 2 ಟಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಒಂದು ಮಳೆಗಾಲ ಕಳೆಯಿತು. ಅಪ್ಪನ ತಾಳಮದ್ದಳೆ ಕ್ಯಾಸೆಟ್‌ಗಳಿಗೆ ಬೂಸ್ಟು ಹಿಡಿಯಲು ಶುರುವಾಗಿತ್ತು. ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿದೆ, ನನ್ನ ಸಿಡಿಗಳನ್ನೂ ಸೇರಿಸಿ. ಎಲ್ಲಾ ಫ್ಲ್ಯಾಕ್ ಫೈಲು (ಧ್ವನಿಯ ಗುಣಮಟ್ಟ ಕೆಡಿಸದೆ ಗಾತ್ರ ಕುಗ್ಗಿಸುವ ಬಗೆ), ಸಿಡಿಗೆ ಸುಮಾರು 300 ಎಂಬಿ.

ವಿಂಡೋಸ್‌ನಲ್ಲಿ 1.81 ಟಿಬಿ ಅಂತ ಕಾಣುತ್ತದೆ. ಮೋಸ ಅಲ್ಲ, ಒಂದು ಜಿಬಿಗೆ ಎಷ್ಟು ಎಂಬಿ ಎನ್ನುವಂಥದ್ದಕ್ಕೆಲ್ಲ ಕಂಪನಿ ಸಾವಿರದ ಲೆಕ್ಕ ಹಿಡಿಯುತ್ತದೆ, ವಿಂಡೋಸ್ 1024ರದ್ದು. ವೇಗ ಸಾಕು, ಸದ್ದೂ ಇಲ್ಲ. ಕೇಬಲ್ ಮಾತ್ರ ಗಿಡ್ಡ, ಜೊತೆಗೆ ಸಡಿಲ. ಸ್ವಲ್ಪ ಅಲುಗಿದರೆ ಡಿಸ್ಕ್ ಮಾಯ!

ಜುಲೈನಲ್ಲಿ ಒಂದು ರಾತ್ರಿ ಕಾಪಿ ಆಗುತ್ತಿರುವಾಗಲೇ ಗುಡುಗು, ಕರೆಂಟ್ ಹೋಯಿತು. ನಮ್ಮ ತೀರ್ಥಹಳ್ಳಿ ಕಡೆ ಇದು ಹೊಸದಲ್ಲ ಬಿಡಿ. ಆದರೆ ಒಂದು ಫೋಲ್ಡರ್ ಪೂರ್ತಿ ಖಾಲಿ. ಡಿಸ್ಕ್‌ನಲ್ಲಿ ಫೈಲುಗಳನ್ನು ಜೋಡಿಸಿಡುವ ಪದ್ಧತಿಗಳಲ್ಲಿ ಒಂದಾದ ಎಕ್ಸ್‌ಫ್ಯಾಟ್‌ನಲ್ಲಿ ಇದು ಬಂದಿತ್ತು, ಅದು ಇಂಥ ಹೊಡೆತ ತಡೆಯುವುದು ಕಡಿಮೆ. ಹೆಚ್ಚು ತಡೆದುಕೊಳ್ಳುವ ಎನ್‌ಟಿಎಫ್‌ಎಸ್ ಪದ್ಧತಿಗೆ ಬದಲಿಸಿ ಮತ್ತೆ ಕಾಪಿ ಮಾಡಿದೆ. ಫ್ಲ್ಯಾಕ್ ಫೈಲಿನೊಳಗೇ ಎಮ್‌ಡಿ5 ಗುರುತು (ಧ್ವನಿ ಬದಲಾಗಿದ್ದರೆ ತಾಳೆಯಾಗದ ಒಂದು ಸಂಖ್ಯೆ) ಇರುತ್ತದಲ್ವಾ, ಅದರಿಂದ ಒಂದೊಂದನ್ನೂ ಪರೀಕ್ಷಿಸಿದೆ. ಮೂರು ಫೈಲು ಹಾಳಾಗಿದ್ದವು. ಕ್ಯಾಸೆಟ್ ಇನ್ನೂ ಇದ್ದದ್ದು ಪುಣ್ಯ.

ಈಗ ಡಿಸ್ಕ್ ಅಮ್ಮನ ಹಪ್ಪಳದ ಡಬ್ಬಿಯಲ್ಲಿದೆ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ. ಅಮ್ಮನಿಗೆ ಇನ್ನೂ ಸಿಟ್ಟು. ಇಂಥದ್ದೇ ಇನ್ನೊಂದು ತಗೊಂಡು ಸಾಗರದಲ್ಲಿ ಅಕ್ಕನ ಮನೆಯಲ್ಲಿಟ್ಟಿದ್ದೇನೆ. ದೀಪಾವಳಿಗೆ ಹೋದಾಗ ಅದಲು ಬದಲು. ಐದಕ್ಕೆ ನಾಲ್ಕು ಸ್ಟಾರ್, ಒಂದು ಕಳೆದದ್ದು ಕೇಬಲ್‌ಗೆ.