ಸಣ್ಣ ಆಗೋಕೆ ದಿನಸಿ ತಗೊಳ್ಳೋರಿಗೆ ತುಮಕೂರು ಮಂಡಿಪೇಟೆ ಕಾಳಂಗಡಿಗಳು: ನನ್ನ ರಿವ್ಯೂ

ತೂಕ ಇಳಿಸ್ಬೇಕು, ಅದಕ್ಕೆ ಮನೆಗೆ ಒಳ್ಳೇ ದಿನಸಿ ತಂದಿಡ್ಬೇಕು ಅಂತಿರೋ ನಮ್ಮ ತುಮಕೂರಿನವರು ಮೊದಲು ಮಂಡಿಪೇಟೆಗೆ ಹೋಗಿ ಬನ್ನಿ. ಸೂಪರ್ ಮಾರ್ಕೆಟ್ಟಲ್ಲಿ ಹೆಲ್ತ್ ಅಂತ ಬೋರ್ಡ್ ಹಾಕಿರೋ ರ‍್ಯಾಕ್ ಆಮೇಲೆ ನೋಡಿದ್ರಾಯ್ತು. ನಾನು ಎರಡೂ ಕಡೆ ತಗೊಂಡು ನೋಡಿದೀನಿ, ನನ್ನ ಓಟು ಮಂಡಿಪೇಟೆ ಲೂಸ್ ಕಾಳಿಗೇ. ಅಂಗಡಿ ಹೆಸರು ಬರೀತಿಲ್ಲ, ಸಾಲಾಗಿ ಇದಾವೆ, ಎರಡು ಮೂರು ಕಡೆ ನೋಡಿ ತಗೊಳ್ಳಿ.

ಮುಖ್ಯ ಕಾರಣ ಏನಂದ್ರೆ ಇಲ್ಲಿ ಕಾಳನ್ನ ಕೈಯಲ್ಲಿ ಹಿಡಿದು ನೋಡ್ಬೋದು. ಪ್ಯಾಕೆಟ್ಟಲ್ಲಿ ಬರೋ ನವಣೆ ಎಷ್ಟೋ ಸಲ ಹಳದಿ ಹಳದಿಯಾಗಿ ಮಿಂಚ್ತಾ ಇರುತ್ತೆ, ನೋಡೋಕೆ ಚೆನ್ನಾಗಿರುತ್ತೆ, ಆದ್ರೆ ಅದು ಪಾಲಿಶ್ ಜಾಸ್ತಿ ಆಗಿರೋದು, ಹೊಟ್ಟೆ ತುಂಬಿಸೋ ನಾರಿನ ತೌಡು ಮಿಲ್ಲಲ್ಲೇ ಹೋಗಿರುತ್ತೆ. ಮೂಟೆಯಿಂದ ಒಂದು ಹಿಡಿ ನವಣೆ ಅಂಗೈಗೆ ಹಾಕ್ಕೊಂಡು ಉಜ್ಜಿ ನೋಡಿ, ಪಾಲಿಶ್ ಆಗ್ದೇ ಇರೋದಾದ್ರೆ ಬಣ್ಣ ಮಂಕಾಗಿರುತ್ತೆ, ಕೈಗೆ ಸ್ವಲ್ಪ ಪುಡಿ ಅಂಟುತ್ತೆ, ಕಾಳು ಜಾರಲ್ಲ. ಆಮೇಲೆ ಮೂಗಿನ ಹತ್ರ ಹಿಡೀರಿ. ತೌಡಲ್ಲಿ ಎಣ್ಣೆ ಅಂಶ ಇರೋದ್ರಿಂದ ಹಳೇದಾದ್ರೆ ಕಮಟು ವಾಸನೆ ಬರುತ್ತೆ, ಬಂದ್ರೆ ಎಷ್ಟು ಕಡಿಮೆ ರೇಟ್ ಹೇಳಿದ್ರೂ ಬೇಡ ಅನ್ನಿ. ನಾನು ಒಂದ್ಸಲ ಸಾಮೆ ಕೇಳಿದ್ದಕ್ಕೆ ಅಂಗಡಿಯವರೇ "ಅಕ್ಕ ಇದು ಹಳೇ ಸ್ಟಾಕು, ಇವತ್ತು ಬೇಡ, ಸೋಮವಾರ ಹೊಸದು ಬರುತ್ತೆ ಆಗ ಬನ್ನಿ" ಅಂದ್ರು. ಈ ಮಾತು ಯಾವ ಪ್ಯಾಕೆಟ್ಟೂ ಹೇಳಲ್ಲ.

ಇನ್ನೊಂದು ಖುಷಿ ವಿಷಯ ಕೊರಲೆ ಅನ್ನೋ ಸಿರಿಧಾನ್ಯ. ಬೇರೆ ಊರಿನವರು ಇದನ್ನ ಆನ್‌ಲೈನಲ್ಲಿ ಹುಡುಕಿ ದುಬಾರಿ ದುಡ್ಡು ಕೊಟ್ಟು ತರಿಸ್ಕೋತಾರೆ, ನಮ್ಮಲ್ಲಿ ಮಧುಗಿರಿ, ಶಿರಾ, ಪಾವಗಡ ಕಡೆಯ ಒಣಭೂಮಿಯಲ್ಲೇ ಬೆಳೆಯುತ್ತೆ. ರಾತ್ರಿ ನೆನೆ ಹಾಕಿ ಬೆಳಗ್ಗೆ ಉಪ್ಪಿಟ್ಟೋ ಬಿಸಿಬೇಳೆ ಬಾತೋ ಮಾಡಿ, ಅನ್ನಕ್ಕಿಂತ ಸ್ವಲ್ಪದಲ್ಲೇ ಸಾಕು ಅನ್ಸುತ್ತೆ.

ಆದ್ರೆ ಒಂದು ಮಾತು ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ. ಸಿರಿಧಾನ್ಯ ತಿಂದ ತಕ್ಷಣ ತೂಕ ಇಳಿಯುತ್ತೆ ಅನ್ನೋದು ಸುಳ್ಳು. ನೂರು ಗ್ರಾಂ ರಾಗಿಯಲ್ಲಿ ಹತ್ರಹತ್ರ 320 ಕ್ಯಾಲೊರಿ, ಬಿಳಿ ಅಕ್ಕಿಯಲ್ಲಿ 355ರ ಆಸುಪಾಸು, ಅಷ್ಟೇನೂ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರೋದು ನಾರಿನಲ್ಲಿ, ರಾಗಿಯಲ್ಲಿ ಸುಮಾರು 11 ಗ್ರಾಂ ಇದ್ರೆ ಅಕ್ಕಿಯಲ್ಲಿ 3 ಗ್ರಾಮೂ ಇಲ್ಲ. ಅದಕ್ಕೇ ಮುದ್ದೆ ಉಂಡ್ರೆ ಹೊತ್ತು ಹೋದ್ರೂ ಹಸಿವಾಗಲ್ಲ. ಹಾಗಂತ ಎರಡು ದೊಡ್ಡ ಮುದ್ದೆ ಉಂಡು ಮೇಲೆ ಅನ್ನನೂ ಬಡಿಸ್ಕೊಂಡ್ರೆ ಏನೂ ಇಳಿಯಲ್ಲ ಕಣ್ರೀ.

ಹಾಗಾಗಿ ದುಡ್ಡನ್ನ ಜಾಸ್ತಿ ಹಾಕ್ಬೇಕಾಗಿರೋದು ಕಾಳುಗಳ ಮೇಲೆ, ಸಣ್ಣ ಆಗೋಕೆ ಹೊರಟಿರೋರು ಮರೆಯೋದೇ ಇದನ್ನ. ಹುರುಳಿಯಲ್ಲಿ ನೂರು ಗ್ರಾಮಿಗೆ ಸುಮಾರು 22 ಗ್ರಾಂ ಪ್ರೋಟೀನ್ ಇದೆ, ರಾಗಿಯಲ್ಲಿ 7 ಅಷ್ಟೇ, ಇಷ್ಟಿದ್ರೂ ಅದು ಬಡವರ ಕಾಳು ಅಂತ ಮೂಲೆಗೆ ಹಾಕಿದೀವಿ. ಮಂಡಿಪೇಟೆಯಲ್ಲಿ ನನಗೆ ಬೆಸ್ಟ್ ಅನ್ಸಿದ್ದು ಹುರುಳಿ, ಹೆಸರುಕಾಳು, ಅಲಸಂದೆ, ಕಡಲೆಕಾಳು ಈ ನಾಲ್ಕು. ಎರಡೆರಡು ಥರ ಇಟ್ಟಿರ್ತಾರೆ, ಚಿಕ್ಕ ಕಾಳು ನಾಟಿದು ಅಂತಾರೆ, ನನಗೆ ರುಚಿಯಲ್ಲಿ ಅದೇ ಮೇಲು. ಮೊಳಕೆ ಕಟ್ಟಿ ಸಾರು ಮಾಡಿದ್ರೆ ಒಂದು ಸಣ್ಣ ಮುದ್ದೆಗೆ ಒಂದು ದೊಡ್ಡ ಬಟ್ಲು ಕಾಳು ಹೋಗುತ್ತೆ, ಊಟ ತೂಗೋದು ಹೀಗಿರ್ಬೇಕು, ಮುದ್ದೆ ಕಮ್ಮಿ ಕಾಳು ಜಾಸ್ತಿ. ಕಾಳಿನ ಜೊತೆ ತರಕಾರಿನೂ ಬೇಕು, ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2024ರಲ್ಲಿ ಕೊಟ್ಟ ಆಹಾರದ ಗೈಡ್‌ಲೈನ್ ಕೂಡ ತಟ್ಟೆಯಲ್ಲಿ ಅರ್ಧದಷ್ಟು ತರಕಾರಿ, ಸೊಪ್ಪು, ಹಣ್ಣು, ಗೆಡ್ಡೆ ಇರ್ಲಿ ಅನ್ನುತ್ತೆ. ಸೊಪ್ಪಿಗೆ ಅಂತರಸನಹಳ್ಳಿ ಮಾರ್ಕೆಟ್ ಇದ್ದೇ ಇದೆ, ಕಾಳಿನ ಜೊತೆ ಹಾಕಿ ಬಸ್ಸಾರು ಮಾಡಿದ್ರೆ ಎರಡು ಕೆಲಸನೂ ಒಂದೇ ಪಾತ್ರೆಯಲ್ಲಿ ಮುಗೀತು.

ಈಗ ಇಷ್ಟ ಆಗದೇ ಇರೋದು. ಕ್ಲೀನಿಂಗ್ ಒಂದೇ ಥರ ಇರಲ್ಲ. ಒಂದು ಕಡೆ ತಗೊಂಡ ಹುರುಳೀಲಿ ಕಲ್ಲು ಸಿಕ್ತು, ಮೊರದಲ್ಲಿ ಕೇರಿ ಆಮೇಲೆ ಗಾಳಿಸಿ ಹಾಕ್ಬೇಕು, ಬೆಳಗ್ಗೆ ಎಂಟಕ್ಕೆ ಆಫೀಸಿಗೆ ಓಡೋರಿಗೆ ಇದು ಕಷ್ಟಾನೇ, ಭಾನುವಾರ ಒಟ್ಟಿಗೆ ಕೂತು ಮಾಡಿಟ್ಕೊಳ್ಳಿ. ಬಿಲ್ ಕೇಳಿದ್ರೆ ಮಾತ್ರ ಕೊಡ್ತಾರೆ. ಗಾಡಿ ನಿಲ್ಸೋಕೆ ಜಾಗ ಸಿಗಲ್ಲ, ಲೋಡಿಂಗ್ ಟೈಮಲ್ಲಂತೂ ಕಾಲಿಡೋಕೂ ಆಗಲ್ಲ. ಕೆಲವು ಕಡೆ ಅರ್ಧ ಕೇಜಿ ಕೇಳಿದ್ರೆ ಮುಖ ಸಿಂಡರಿಸ್ತಾರೆ, ಆದ್ರೂ ಅರ್ಧ ಅರ್ಧನೇ ತಗೊಳ್ಳಿ, ಸಾಮೆ ನವಣೆ ಐದು ಕೇಜಿ ತಂದು ಹುಳ ಬರಿಸ್ಕೊಳ್ಳೋದ್ಯಾಕೆ. ರಾಗಿ ಬೇರೆ ಲೆಕ್ಕ, ಅದಕ್ಕೆ ಹುಳ ಬೀಳೋದೇ ಅಪರೂಪ, ಹಿಂದೆ ಹಗೇವು ಅಂತ ನೆಲದೊಳಗಿನ ಗುಂಡಿಯಲ್ಲಿ ವರ್ಷಗಟ್ಟಲೆ ಇಡ್ತಿದ್ರಲ್ಲ, ಅದನ್ನ ಜಾಸ್ತಿ ತಂದು ಬೇಕಾದಾಗ ಬೇಕಾದಷ್ಟೇ ಮಿಲ್ಲಿಗೆ ಹಾಕಿಸಿ.

ಅದೇ ಅಂಗಡಿಗಳಲ್ಲಿ ಗಾಣದ ಎಣ್ಣೆ, ಬೆಲ್ಲ, ಕಡಲೆಕಾಯಿ ಬೀಜ ಕೂಡ ಹೆಲ್ತಿಗೆ ಒಳ್ಳೇದು ಅಂತ ಕೈಗಿಡ್ತಾರೆ. ಒಳ್ಳೇದೇ, ಆದ್ರೆ ಎಣ್ಣೆ ಗಾಣದ್ದಾದ್ರೂ ರಿಫೈನ್ಡ್ ಆದ್ರೂ ಗ್ರಾಮಿಗೆ 9 ಕ್ಯಾಲೊರಿನೇ, ಬೆಲ್ಲಕ್ಕೂ ಸಕ್ಕರೆಗೂ ಕ್ಯಾಲೊರಿಯಲ್ಲಿ ಹೇಳ್ಕೊಳ್ಳೋ ವ್ಯತ್ಯಾಸ ಇಲ್ಲ, ಕಡಲೆಬೀಜ ನೂರು ಗ್ರಾಮಿಗೆ 500 ದಾಟುತ್ತೆ. ಬೀಜನ ಒಂದು ಹಿಡಿ ಅಂತ ಲೆಕ್ಕ ಇಟ್ಟು ತಿನ್ನಿ, ಟಿವಿ ಮುಂದೆ ಡಬ್ಬಿ ಇಟ್ಕೊಂಡು ಕೂರ್ಬೇಡಿ.

ಪ್ಯಾಕೆಟ್ ಬೇಡ್ವೇ ಬೇಡ ಅಂತಿಲ್ಲ. ತಗೊಳ್ಳೋದಾದ್ರೆ ಮುಂದಿನ ಫೋಟೋ ಬಿಟ್ಟು ಹಿಂದೆ ಸಣ್ಣಕ್ಷರದಲ್ಲಿರೋದನ್ನ ಓದಿ, ಯಾವುದು ಜಾಸ್ತಿ ತೂಕ ಹಾಕಿರ್ತಾರೋ ಅದನ್ನೇ ಮೊದಲು ಬರೀಬೇಕು ಅಂತ ರೂಲ್ಸ್ ಇದೆ. ರಾಗಿ ಮಾಲ್ಟ್ ಅಂತ ದೊಡ್ಡದಾಗಿ ಬರೆದು ಲಿಸ್ಟಲ್ಲಿ ಸಕ್ಕರೆ ಮೊದಲೇ ಇದ್ರೆ, ಮಲ್ಟಿಗ್ರೇನ್ ಹಿಟ್ಟಲ್ಲಿ ಗೋಧಿನೇ ಮುಕ್ಕಾಲು ಪಾಲು ಇದ್ರೆ, ವಾಪಸ್ ಇಟ್ಬಿಡಿ. ಶುಗರ್ ಮಾತ್ರೆ ತಗೊಳ್ಳೋರು ಊಟ ಬದಲಾಯಿಸೋಕೆ ಮುಂಚೆ ಡಾಕ್ಟರಿಗೆ ಹೇಳಿ.

ಐದಕ್ಕೆ ನಾಲ್ಕು ಕೊಡ್ತೀನಿ. ಒಂದು ಕಳೆದಿದ್ದು ಕಲ್ಲಿಗೆ, ಪಾರ್ಕಿಂಗಿಗೆ. ಹೋಗೋರು ಬೆಳಗ್ಗೆ ಅಂಗಡಿ ತೆಗೆದ ಹೊತ್ತಲ್ಲೇ ಹೋಗಿ, ಬಟ್ಟೆ ಬ್ಯಾಗ್ ಮನೆಯಿಂದ ತಗೊಂಡೋಗಿ.