ಕರ್ನಲ್ ಅಪ್‌ಡೇಟ್ ಆದ ಮೇಲೆ ಯುಎಸ್‌ಬಿ ಡಿಸ್ಕ್ ಕೈಕೊಟ್ಟರೆ: ನಾಲ್ಕು ಮದ್ದುಗಳ ಹೋಲಿಕೆ

ಲಿನಕ್ಸ್ ಕರ್ನಲ್ (ಇಡೀ ವ್ಯವಸ್ಥೆಯ ತಿರುಳಾದ ತಂತ್ರಾಂಶ) ಹೊಸದಾದ ಮೇಲೆ ಹೊರಗಿನ ಡಿಸ್ಕ್ ಕೈಕೊಡುವ ರೀತಿ ಹೆಚ್ಚಾಗಿ ಹೀಗಿರುತ್ತದೆ: ಚುಚ್ಚಿದ ಕೂಡಲೇ ಕಾಣುತ್ತದೆ, ದೊಡ್ಡ ಫೈಲ್ ಕಾಪಿ ಶುರುವಾದ ಮೇಲೆ ಅರ್ಧ ನಿಮಿಷ ಸ್ತಬ್ಧವಾಗುತ್ತದೆ, ಆಮೇಲೆ ಕಳಚಿಕೊಂಡು ಬೇರೆ ಹೆಸರಲ್ಲಿ ಬರುತ್ತದೆ. ಲಿನಕ್ಸ್ ಡಿಸ್ಕಿಗೆ ಕೊಟ್ಟ ಹೆಸರು ಎಸ್‌ಡಿಬಿ ಆಗಿದ್ದದ್ದು ಎಸ್‌ಡಿಸಿ ಆಗಿರುತ್ತದೆ. ಕರ್ನಲ್ ಲಾಗ್ ತೆರೆದರೆ ‘ಯುಎಎಸ್_ಇಎಚ್_ಅಬಾರ್ಟ್_ಹ್ಯಾಂಡ್ಲರ್’ ಎಂಬ ಸಾಲು, ಅದರ ಬೆನ್ನಿಗೇ ‘ರೀಸೆಟ್ ಸೂಪರ್‌ಸ್ಪೀಡ್ ಯುಎಸ್‌ಬಿ ಡಿವೈಸ್’. ಯುಎಎಸ್ ಎಂದರೆ ಯುಎಸ್‌ಬಿ ಡಿಸ್ಕ್ ಜೊತೆ ವೇಗವಾಗಿ ಮಾತಾಡುವ ಹೊಸ ವಿಧಾನ, ಅದರ ಡ್ರೈವರ್ ಹೆಸರೂ ಅದೇ.

ಮದ್ದಿಗೆ ಕೈಹಾಕುವ ಮುನ್ನ ಒಂದು ಮಾತು. ಆರ್ಚ್ ಲಿನಕ್ಸ್‌ನಲ್ಲಿ ಅಪ್‌ಡೇಟ್ ಮಾಡಿ ರೀಬೂಟ್ ಮಾಡದೆ ಪೆನ್‌ಡ್ರೈವ್ ಚುಚ್ಚಿದರೆ ಅದು ಕಾಣದೇ ಇರಬಹುದು. ಓಡುತ್ತಿರುವ ಹಳೆ ಕರ್ನಲ್‌ನ ಮಾಡ್ಯೂಲ್‌ಗಳು (ಬೇಕಾದಾಗ ಸೇರಿಸಿಕೊಳ್ಳುವ ಡ್ರೈವರ್ ತುಣುಕುಗಳು) ಡಿಸ್ಕಿನಿಂದ ಅಳಿಸಿಹೋಗಿರುತ್ತವೆ, ಲೋಡ್ ಮಾಡಲು ಏನೂ ಉಳಿದಿರುವುದಿಲ್ಲ. ರೀಬೂಟ್ ಮಾಡಿದರೆ ಮುಗಿಯಿತು. ಉಳಿದವರು ಮುಂದೆ ಓದಿ.

ಹಳೆ ಕರ್ನಲ್‌ಗೆ ಮರಳುವುದು ಎಲ್ಲಕ್ಕಿಂತ ಸುಲಭ. ಉಬುಂಟುವಿನಲ್ಲಿ ಬೂಟ್ ಆಗುವಾಗ ಎಸ್ಕೇಪ್ ಕೀ (ಹಳೆ ಬಯಾಸ್ ಯಂತ್ರಗಳಲ್ಲಿ ಶಿಫ್ಟ್) ಒತ್ತಿ, ಗ್ರಬ್ (ಕರ್ನಲ್ ಎಬ್ಬಿಸುವ ಬೂಟ್ ತಂತ್ರಾಂಶ) ಮೆನುವಿನ ‘ಅಡ್ವಾನ್ಸ್ಡ್ ಆಪ್ಷನ್ಸ್’ನಲ್ಲಿ ಹಿಂದಿನ ಆವೃತ್ತಿ ಆರಿಸಿದರೆ ಸಾಕು. ಫೆಡೋರಾ ತಾನಾಗಿಯೇ 3 ಕರ್ನಲ್‌ಗಳನ್ನು ಇಟ್ಟುಕೊಂಡಿರುತ್ತದೆ. ಆದರೆ ನನ್ನ ಲೆಕ್ಕದಲ್ಲಿ ಇದು ಮದ್ದಲ್ಲ, ರೋಗ ಗುರುತಿಸುವ ಪರೀಕ್ಷೆ. ಅದೇ ಕೇಬಲ್, ಅದೇ ಪೋರ್ಟ್, ಅದೇ ಫೈಲ್ ಇಟ್ಟುಕೊಂಡು ಹಳೆಯದರಲ್ಲಿ ಸರಿಯಾಗಿ ಓಡಿ ಹೊಸದರಲ್ಲಿ ಬಿದ್ದರೆ ದೋಷ ಕರ್ನಲ್ ಬದಲಾವಣೆಯಲ್ಲಿದೆ. ಎರಡರಲ್ಲೂ ಬಿದ್ದರೆ ಕೇಬಲ್, ಪೋರ್ಟ್, ಡಿಸ್ಕ್ ನೋಡಿ. ಹಳೆಯದರಲ್ಲೇ ಉಳಿದುಬಿಟ್ಟರೆ ಭದ್ರತಾ ತಿದ್ದುಪಡಿಗಳೆಲ್ಲ ತಪ್ಪಿಹೋಗುತ್ತವೆ. ಒಂದು ಡಿಸ್ಕಿಗಾಗಿ ಇಡೀ ಯಂತ್ರವನ್ನು ಹಿಂದಿಡುವುದು ದುಬಾರಿ ಬೆಲೆ.

ಯುಎಎಸ್ ಡ್ರೈವರನ್ನೇ ಬ್ಲ್ಯಾಕ್‌ಲಿಸ್ಟ್ ಮಾಡಿ, ಅಂದರೆ ಲೋಡ್ ಆಗದಂತೆ ತಡೆಯಿರಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ದಯವಿಟ್ಟು ಮಾಡಬೇಡಿ. ಡಿಸ್ಕ್ ಯುಎಎಸ್ ಬಲ್ಲದು ಎಂದು ಗೊತ್ತಾದರೆ ಯುಎಸ್‌ಬಿ-ಸ್ಟೋರೇಜ್ ಡ್ರೈವರ್ ಅದನ್ನು ಮುಟ್ಟದೆ ಯುಎಎಸ್‌ಗೆ ಬಿಟ್ಟುಕೊಡುತ್ತದೆ. ಆ ಯುಎಎಸ್ಸೇ ಇಲ್ಲವೆಂದರೆ ಡಿಸ್ಕಿಗೆ ಯಾವ ಡ್ರೈವರೂ ಅಂಟಿಕೊಳ್ಳುವುದಿಲ್ಲ. ಆಗಾಗ ಬೀಳುತ್ತಿದ್ದ ಡಿಸ್ಕ್ ಪೂರ್ತಿ ಮಾಯ.

ಇದೇ ಕೆಲಸವನ್ನು ಸರಿಯಾಗಿ ಮಾಡುವುದು ಕ್ವಿರ್ಕ್. ಯುಎಎಸ್ ಹಲವು ಆಜ್ಞೆಗಳನ್ನು ಒಟ್ಟಿಗೆ ಸಾಲಿಗೆ ಹಚ್ಚುತ್ತದೆ. ಹಳೆ ವಿಧಾನ (ಯುಎಸ್‌ಬಿ-ಸ್ಟೋರೇಜ್) ಒಂದು ಮುಗಿದ ಮೇಲಷ್ಟೇ ಇನ್ನೊಂದನ್ನು ಕಳಿಸುತ್ತದೆ. ಕೇಸಿಂಗ್ ಒಳಗಿರುವ ಸಾಟಾ-ಯುಎಸ್‌ಬಿ ಬ್ರಿಡ್ಜ್ ಚಿಪ್‌ನ ಫರ್ಮ್‌ವೇರ್ ಆ ಸಾಲನ್ನು ನಿಭಾಯಿಸಲಾರದೆ ಹೋದಾಗ ಈ ರೀಸೆಟ್‌ಗಳು ಬರುತ್ತವೆ. ಆ ಒಂದು ಸಾಧನಕ್ಕೆ ಮಾತ್ರ ಹಳೆ ವಿಧಾನ ಸಾಕು ಎಂದು ಕರ್ನಲ್‌ಗೆ ಹೇಳುವುದೇ ಕ್ವಿರ್ಕ್.

‘ಎಲ್‌ಎಸ್‌ಯುಎಸ್‌ಬಿ’ ಆಜ್ಞೆ ಕೊಟ್ಟು ಸಾಧನದ ಐಡಿ ಬರೆದುಕೊಳ್ಳಿ, ಉದಾಹರಣೆಗೆ 152ಡಿ:0578. ಶಾಶ್ವತ ಮಾಡುವ ಮೊದಲು ಪರೀಕ್ಷಿಸಬಹುದು: ಡಿಸ್ಕ್ ಅನ್‌ಮೌಂಟ್ ಮಾಡಿ, ‘152ಡಿ:0578:ಯು’ ಎಂಬುದನ್ನು ಸಿಸ್ ಫೈಲ್‌ಸಿಸ್ಟಂನಲ್ಲಿ ಯುಎಸ್‌ಬಿ_ಸ್ಟೋರೇಜ್ ಮಾಡ್ಯೂಲ್‌ನ ಪ್ಯಾರಾಮೀಟರ್ಸ್ ಫೋಲ್ಡರ್‌ನಲ್ಲಿರುವ ಕ್ವಿರ್ಕ್ಸ್ ಫೈಲಿಗೆ ‘ಸುಡೋ ಟೀ’ (ಆಡಳಿತಗಾರನ ಹಕ್ಕಿನಿಂದ ಫೈಲಿಗೆ ಬರೆಯುವ ಆಜ್ಞೆ) ಮೂಲಕ ಬರೆದು, ಕೇಬಲ್ ಕಿತ್ತು ಮತ್ತೆ ಚುಚ್ಚಿ. ಟೈಪ್ ಮಾಡುವಾಗ ಎಲ್ಲವೂ ಇಂಗ್ಲಿಷ್ ಸಣ್ಣಕ್ಷರ. ಈಗ ‘ಎಲ್‌ಎಸ್‌ಯುಎಸ್‌ಬಿ -ಟಿ’ ಕೊಟ್ಟರೆ ಡ್ರೈವರ್ ಜಾಗದಲ್ಲಿ ಯುಎಎಸ್ ಬದಲು ಯುಎಸ್‌ಬಿ-ಸ್ಟೋರೇಜ್ ಕಾಣಬೇಕು. ದೊಡ್ಡ ಕಾಪಿಯೊಂದು ತಡೆಯಿಲ್ಲದೆ ಮುಗಿದರೆ ಗ್ರಬ್‌ನ ಕರ್ನಲ್ ಸಾಲಿಗೆ (ಬೂಟ್ ಆಗುವಾಗ ಕರ್ನಲ್‌ಗೆ ಕೊಡುವ ಸೂಚನೆಗಳ ಸಾಲು) ‘ಯುಎಸ್‌ಬಿ-ಸ್ಟೋರೇಜ್.ಕ್ವಿರ್ಕ್ಸ್=152ಡಿ:0578:ಯು’ ಸೇರಿಸಿ, ಉಬುಂಟುವಿನಲ್ಲಾದರೆ ಅಪ್‌ಡೇಟ್-ಗ್ರಬ್ ಓಡಿಸಿ. ರಾಸ್ಪ್‌ಬೆರಿ ಪೈ ಆದರೆ ಸಿಎಂಡಿಲೈನ್ ಫೈಲಿನ ಅದೇ ಒಂದೇ ಸಾಲಿನಲ್ಲಿ, ಎಂಟರ್ ಒತ್ತದೆ. ಮಾಡ್ಯೂಲ್‌ಗಳ ಸೆಟ್ಟಿಂಗ್ ಇರುವ ಮಾಡ್‌ಪ್ರೋಬ್ ಫೋಲ್ಡರಿನಲ್ಲಿ ಬರೆಯುವ ದಾರಿಯೂ ಇದೆ, ಆದರೆ ಡ್ರೈವರ್ ಕರ್ನಲ್ ಒಳಗೇ ಕಟ್ಟಿದ್ದರೆ ಅದು ನಾಟುವುದಿಲ್ಲ. ಅದಕ್ಕೇ ಕರ್ನಲ್ ಸಾಲು ಮೇಲು.

ಕಳೆದುಕೊಳ್ಳುವುದೇನು? ತಿರುಗುವ ಹಾರ್ಡ್ ಡಿಸ್ಕ್‌ನಲ್ಲಿ ದೊಡ್ಡ ಫೈಲ್‌ಗಳಿಗೆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ, ಡಿಸ್ಕಿನ ವೇಗವೇ ಮಿತಿ. ಎಸ್‌ಎಸ್‌ಡಿಯಲ್ಲಿ ಸಾವಿರಾರು ಸಣ್ಣ ಫೈಲ್‌ಗಳ ಕೆಲಸ ನಿಧಾನವಾಗುತ್ತದೆ, ಟ್ರಿಮ್ (ಅಳಿಸಿದ ಜಾಗವನ್ನು ಎಸ್‌ಎಸ್‌ಡಿಗೆ ತಿಳಿಸುವ ಆಜ್ಞೆ) ಸಾಮಾನ್ಯವಾಗಿ ಕೈತಪ್ಪುತ್ತದೆ. ಹಾಗಾಗಿ ಬ್ಯಾಕಪ್ ಡಿಸ್ಕಿಗೆ ಕಣ್ಣುಮುಚ್ಚಿ ಹಾಕಬಹುದು. ಎಸ್‌ಎಸ್‌ಡಿಯಿಂದಲೇ ಬೂಟ್ ಮಾಡುವವರು ಬೇರೆ ಚಿಪ್‌ನ ಕೇಸಿಂಗ್ ಕೊಳ್ಳುವುದು ಒಳ್ಳೆಯದು.

ನಾಲ್ಕನೆಯದು ಆಟೋಸಸ್ಪೆಂಡ್ (ಸುಮ್ಮನಿರುವ ಯುಎಸ್‌ಬಿ ಸಾಧನವನ್ನು ತಾನಾಗಿ ಮಲಗಿಸುವುದು) ನಿಲ್ಲಿಸುವುದು, ಅಂದರೆ ಕರ್ನಲ್ ಸಾಲಿಗೆ ‘ಯುಎಸ್‌ಬಿಕೋರ್.ಆಟೋಸಸ್ಪೆಂಡ್=-1’. ಕಾಪಿ ಮಾಡುವಾಗ ಬೀಳುವ ಡಿಸ್ಕಿಗೆ ಇದರಿಂದ ಪ್ರಯೋಜನ ಕಡಿಮೆ. ಕೆಲಸವಿಲ್ಲದೆ ಸುಮ್ಮನಿದ್ದಾಗ ಕಳಚಿಕೊಳ್ಳುವುದಿದ್ದರೆ, ಅದರಲ್ಲೂ ಲ್ಯಾಪ್‌ಟಾಪ್‌ನಲ್ಲಿ ಟಿಎಲ್‌ಪಿ ಅಥವಾ ಪವರ್‌ಟಾಪ್ ಎಂಬ ಬ್ಯಾಟರಿ ಉಳಿಸುವ ತಂತ್ರಾಂಶ ಇದ್ದರೆ, ಮೊದಲು ಇದನ್ನೇ ನೋಡಿ. ಟಿಎಲ್‌ಪಿಯ ಡಿನೈಲಿಸ್ಟ್‌ನಲ್ಲಿ (ಮಲಗಿಸಬಾರದ ಸಾಧನಗಳ ಪಟ್ಟಿ) ಡಿಸ್ಕಿನ ಐಡಿ ಬರೆದರೆ ಉಳಿದ ಸಾಧನಗಳ ಬ್ಯಾಟರಿ ಉಳಿತಾಯ ಹಾಳಾಗುವುದಿಲ್ಲ. ಇನ್ನು ರಾಸ್ಪ್‌ಬೆರಿ ಪೈಯಲ್ಲಿ ವಿದ್ಯುತ್ ಸಾಲದೆಯೂ ಡಿಸ್ಕ್ ಕಳಚಿಕೊಳ್ಳಬಹುದು: ಪೈ 4ರ ನಾಲ್ಕೂ ಯುಎಸ್‌ಬಿ ಪೋರ್ಟ್‌ಗಳು ಸೇರಿ ಕೊಡುವುದು 1.2 ಆಂಪಿಯರ್ ಮಾತ್ರ. ಎರಡು ಡಿಸ್ಕ್ ಚುಚ್ಚಿದ್ದರೆ ಸೆಟ್ಟಿಂಗ್ ಬದಲಿಸುವುದಕ್ಕಿಂತ ಸ್ವಂತ ಅಡಾಪ್ಟರ್ ಇರುವ ಹಬ್ ತನ್ನಿ.

ಯಾವ ದಾರಿ ಹಿಡಿದರೂ ಎಫ್‌ಎಸ್‌ಟ್ಯಾಬ್ (ಬೂಟ್ ಆಗುವಾಗ ಮೌಂಟ್ ಮಾಡಬೇಕಾದ ಡಿಸ್ಕ್‌ಗಳ ಪಟ್ಟಿ) ತೆರೆದು ನೋಡಿ. ಎಸ್‌ಡಿಬಿ1 ಎಂಬ ಹೆಸರು ಇದ್ದರೆ ತೆಗೆದು ಬದಲಾಗದ ಗುರುತಾದ ಯುಯುಐಡಿ ಹಾಕಿ, ಜೊತೆಗೆ ಡಿಸ್ಕ್ ಇಲ್ಲದಿದ್ದರೂ ಬೂಟ್ ಮುಂದುವರಿಯಲಿ ಎನ್ನುವ ‘ನೋಫೇಲ್’ ಸೇರಿಸಿ. ಇಲ್ಲದಿದ್ದರೆ ಮುಂದಿನ ಕರ್ನಲ್‌ನಲ್ಲಿ ಡಿಸ್ಕ್ ಬಾರದಿದ್ದಾಗ ಯಂತ್ರ ಎಮರ್ಜೆನ್ಸಿ ಮೋಡ್‌ನಲ್ಲಿ ನಿಂತುಬಿಡುತ್ತದೆ.