90 ಜಿಎಸ್‌ಎಂ ಪಿಪಿಇ ಕಿಟ್: ತೊಡುವ ನರ್ಸ್‌ ಕಡೆಯಿಂದ ಒಂದು ವಿಮರ್ಶೆ

ಸಾಂಕ್ರಾಮಿಕದ ಹೊತ್ತಿನಲ್ಲಿ ನರ್ಸ್‌ಗಳು ಕೆಲಸ ಬಿಡುವುದಕ್ಕೆ ಸಂಬಳ, ಹಾಸ್ಟೆಲ್‌ ಜೊತೆಗೆ ಮೈಮೇಲಿನ ಕವರಾಲ್‌, ಅಂದರೆ ಪಿಪಿಇ ಕಿಟ್ಟಿನ ಮೈತುಂಬ ಮುಚ್ಚುವ ಉಡುಪು ಕೂಡ ಕಾರಣ. ಆಡಳಿತ ಮಂಡಳಿಗಳು ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಕೋವಿಡ್‌ ಕಾಲದಲ್ಲಿ ಆಸ್ಪತ್ರೆಗಳಿಗೆ ಬಂದ 90 ಜಿಎಸ್‌ಎಂ ಲ್ಯಾಮಿನೇಟೆಡ್‌ ಕಿಟ್‌ಗಳಲ್ಲಿ ಎರಡು ಬಗೆ. ಒಂದರ ಲ್ಯಾಮಿನೇಷನ್‌ ಸಾದಾ ಪ್ಲಾಸ್ಟಿಕ್‌ ಹಾಳೆ, ಇನ್ನೊಂದರದು ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರುವ ಮೈಕ್ರೋಪೋರಸ್‌ ಹಾಳೆ. ನೋಡಲು ಎರಡೂ ಒಂದೇ ಥರ. ಆದರೆ ಬೆವರಿನ ಆವಿ ಹೊರಗೆ ಹೋಗುವುದು ಎರಡನೆಯದರಲ್ಲಿ ಮಾತ್ರ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್‌ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ಈ ವ್ಯತ್ಯಾಸ ಅದರಿಂದ ಗೊತ್ತಾಗುವುದಿಲ್ಲ.

ಸ್ಯಾಂಪಲ್‌ ಬಂದಾಗ ಕುದಿಯುವ ನೀರಿರುವ ಸ್ಟೀಲ್‌ ಲೋಟದ ಬಾಯಿಗೆ ಬಟ್ಟೆಯನ್ನು ರಬ್ಬರ್‌ ಬ್ಯಾಂಡ್‌ನಿಂದ ಬಿಗಿದು, ಒಂದು ಬೆರಳೆತ್ತರದಲ್ಲಿ ತಣ್ಣಗಿನ ತಟ್ಟೆ ಹಿಡಿಯಿರಿ. ತಟ್ಟೆ ಮಬ್ಬಾದರೆ ಆವಿ ಹಾಯುತ್ತಿದೆ ಎಂದರ್ಥ. ಹಾಗೇ ಒಣಗಿದ್ದರೆ ಆ ಕಿಟ್‌ ವಾಪಸ್‌ ಕಳಿಸಿ. ಅದನ್ನು ಆರು ಗಂಟೆ ತೊಟ್ಟವರ ಬಟ್ಟೆ ಹಿಂಡುವಷ್ಟು ತೊಯ್ದಿರುತ್ತದೆ. ಇದರ ಜೊತೆಗೆ, ಕವರಾಲ್‌ಗಳ ಭಾರತೀಯ ಮಾನದಂಡವಾದ ಐಎಸ್‌ 17423ರ ಪ್ರಕಾರ ಕೃತಕ ರಕ್ತದ ಪರೀಕ್ಷಾ ವರದಿಯನ್ನು (ರಕ್ತ ಒಳಗೆ ಹಾಯುತ್ತದೆಯೇ ಎಂದು ನೋಡಿದ್ದು) ಕೇಳಲೇಬೇಕು. ಕೊಯಮತ್ತೂರಿನ ಜವಳಿ ಸಂಶೋಧನಾ ಸಂಸ್ಥೆ ಸಿಟ್ರಾದಂಥ ಪ್ರಯೋಗಾಲಯಗಳು ಕೊಡುತ್ತವೆ. ವರದಿ ಬರೀ ಬಟ್ಟೆಯದೋ, ಹೊಲಿಗೆಯದೂ ಇದೆಯೋ ನೋಡಿ. ಹೊಲಿಗೆ ಮೇಲಿನ ಟೇಪನ್ನು ಉಗುರಿನಿಂದ ಕೆರೆದಾಗ ಎದ್ದು ಬಂದರೆ ಸೋರುವುದು ಅಲ್ಲೇ.

ತೋಳಿನ ತುದಿಯಲ್ಲಿ ಹೆಬ್ಬೆರಳಿಗೆ ಕುಣಿಕೆ ಇಲ್ಲದ ಕಿಟ್‌ ಬೇಡವೇ ಬೇಡ. ಸಲೈನ್‌ ಬಾಟಲಿ ಸ್ಟ್ಯಾಂಡಿಗೆ ಸಿಕ್ಕಿಸಲು ಕೈ ಎತ್ತಿದ ಕೂಡಲೇ ತೋಳು ಮೇಲೇರಿ, ಗ್ಲೌಸಿಗೂ ಬಟ್ಟೆಗೂ ನಡುವೆ ಎರಡು ಬೆರಳಗಲ ಚರ್ಮ ಬಯಲಾಗುತ್ತದೆ. ಅದಕ್ಕೆಂದು ಪ್ಲಾಸ್ಟರ್‌ ಸುತ್ತಿದರೆ ಬಿಚ್ಚುವಾಗ ಗ್ಲೌಸ್‌ ಹರಿಯುತ್ತದೆ, ಸೋಂಕು ತಗಲುವ ಭಯ ಹೆಚ್ಚಿರುವುದೂ ಆಗಲೇ.

ಎಲ್ಲರಿಗೂ ಎಕ್ಸ್‌ಎಲ್‌ ತರಿಸುವುದು ದೊಡ್ಡ ತಪ್ಪು. ಗಿಡ್ಡ ಇರುವವರಿಗೆ ಕಾಲಿನ ಬಟ್ಟೆ ನೆಲಕ್ಕೆಳೆದು ಎಡವುತ್ತದೆ, ಹುಡ್‌ ಕನ್ನಡಕದ ಮೇಲೆ ಜಾರುತ್ತದೆ. ಬಿಗಿಯಾದದ್ದಾದರೆ ಯೂರಿನ್‌ ಬ್ಯಾಗ್‌ ಖಾಲಿ ಮಾಡಲು ಕುಕ್ಕರುಗಾಲಲ್ಲಿ ಕೂತಾಗ ತೊಡೆಸಂದಿಯ ಹೊಲಿಗೆ ಬಿರಿಯುತ್ತದೆ. ಎಂ, ಎಲ್‌, ಎಕ್ಸ್‌ಎಲ್‌ ಮೂರೂ ಇರಲಿ. 2020ರ ಏಪ್ರಿಲ್‌ ಹೊತ್ತಿಗೇ ಬೆಂಗಳೂರು ಕವರಾಲ್‌ ತಯಾರಿಕೆಯ ದೊಡ್ಡ ಕೇಂದ್ರವಾಗಿತ್ತು, ಅಳತೆ ಸಿಗುವುದಿಲ್ಲ ಎಂಬ ಸಬೂಬು ಇಲ್ಲಿ ನಡೆಯದು.

ಇನ್ನು ಸಂಖ್ಯೆ. ಪಾಳಿಗೆ ನಾಲ್ವರು ಒಳಗಿರುವ ಐಸಿಯುಗೆ ಮೂರು ಪಾಳಿಯ ಲೆಕ್ಕದಲ್ಲಿ ದಿನಕ್ಕೆ 12 ಕಿಟ್‌ ಕೊಟ್ಟರೆ, ಒಂದೇ ಕಿಟ್ಟಿನಲ್ಲಿ ಎಂಟು ಗಂಟೆ. ಶೌಚಕ್ಕೆ ಹೋದರೆ ಕಿಟ್‌ ಹಾಳು ಎಂದು ಡ್ಯೂಟಿಗೆ ಮುಂಚಿನಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ತಲೆನೋವು, ಉರಿಮೂತ್ರ ಶುರುವಾಗುತ್ತದೆ. ಮುಟ್ಟಿನ ದಿನಗಳ ಪಾಡಂತೂ ಹೇಳತೀರದು. ಇಷ್ಟು ಸಹಿಸಿಯೂ ಮರುದಿನ ಬನ್ನಿ ಎಂದು ಕೇಳುವುದು ಅನ್ಯಾಯ. ನಾಲ್ಕು ಗಂಟೆಗೊಮ್ಮೆ ಬದಲಿಸಲು 24, ಹರಿದದ್ದಕ್ಕೂ ನಡುವೆ ಹೊರಬರುವವರಿಗೂ 6, ಒಟ್ಟು 30 ತರಿಸಿ. ಪಾಳಿಗೆ ಎಂಟು ಜನರಿದ್ದರೆ ನಾಲ್ವರು ಒಳಗಿರಲಿ, ನಾಲ್ವರು ಹೊರಗೆ ಇಂಡೆಂಟ್‌ (ಸಾಮಾನಿನ ಬೇಡಿಕೆ ಚೀಟಿ), ದಾಖಲೆ ನೋಡಿಕೊಳ್ಳಲಿ, ನಾಲ್ಕು ಗಂಟೆಗೆ ಅದಲುಬದಲಾಗಲಿ. ಅಷ್ಟು ಜನರಿಲ್ಲದಿದ್ದರೆ ಒಬ್ಬೊಬ್ಬರಾಗಿ ಹೊರಬಂದು, ಅರ್ಧ ಗಂಟೆಯಲ್ಲಿ ನೀರು, ಊಟ, ಶೌಚ ಮುಗಿಸಿ ಹೊಸ ಕಿಟ್‌ ತೊಡಲಿ. ಆ ಅರ್ಧ ಗಂಟೆಯನ್ನು ಡ್ಯೂಟಿ ಪಟ್ಟಿಯಲ್ಲಿ ಹೆಸರು ಸಮೇತ ಬರೆದಿಡಿ.